ಬಾಲ್ ಮಿಲ್‌ನಲ್ಲಿ ಅರೆದಷ್ಟೂ ಬೆಳಕು ಕಡಿಮೆ, ಯಾಕೆ?

ಪ್ರಶ್ನೆ: ಮೇಡಂ, ಪ್ರಾಜೆಕ್ಟ್‌ಗೆ ಅಂತ ಜಿಂಕ್ ಆಕ್ಸೈಡ್ ಪುಡಿಯನ್ನು ಬಾಲ್ ಮಿಲ್‌ನಲ್ಲಿ (ಜಾರ್‌ನೊಳಗಿನ ಗುಂಡುಗಳು ಪುಡಿಯನ್ನು ಕುಟ್ಟಿ ಅರೆಯುವ ಯಂತ್ರ) ಸ್ಟೀಲ್ ಜಾರ್, ಸ್ಟೀಲ್ ಬಾಲ್ ಹಾಕಿ 20 ಗಂಟೆ ಅರೆದೆ. ಕಣ ಚಿಕ್ಕದಾದರೆ ಬೆಳಕು ಜಾಸ್ತಿ ಬರುತ್ತದೆ ಅಂದುಕೊಂಡಿದ್ದೆ. ಪಿಎಲ್ (ಪುಡಿಯ ಮೇಲೆ ಬೆಳಕು ಬಿಟ್ಟು, ಅದು ತಿರುಗಿ ಸೂಸುವ ಬೆಳಕನ್ನು ಅಳೆಯುವುದು) ತೆಗೆದರೆ 380 ನ್ಯಾನೋಮೀಟರ್ ಹತ್ತಿರದ ಯುವಿ ಪೀಕ್ ಹೆಚ್ಚುಕಡಿಮೆ ಸತ್ತೇ ಹೋಗಿದೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಬಿಟ್ಟು ಹರಳನ್ನು ಪರೀಕ್ಷಿಸುವ ವಿಧಾನ) ಹರಳಿನ ಗಾತ್ರ 25 ನ್ಯಾನೋಮೀಟರ್ ಬಂತು. ಬಿಳಿ ಪುಡಿ ಬೂದು ಆಗಿದೆ. ಎಲ್ಲಿ ಎಡವಿದೆ?

ಉತ್ತರ: ನೀವು ಎಡವಿಲ್ಲ, ಪುಡಿ ಪೆಟ್ಟು ತಿಂದಿದೆ ಅಷ್ಟೇ. ಎಲೆಕ್ಟ್ರಾನ್ ಮತ್ತು ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಸ್ಥಾನ) ಸೇರಿದಾಗ ಬೆಳಕು ಬರಬೇಕು. ಆದರೆ ಬಾಲ್‌ಗಳು 20 ಗಂಟೆ ಕುಟ್ಟಿದ ಹರಳಿನಲ್ಲಿ ಡಿಸ್‌ಲೊಕೇಶನ್ (ಪರಮಾಣುಗಳ ಸಾಲು ತಪ್ಪಿದ ಜಾಗ), ವೇಕೆನ್ಸಿ (ಪರಮಾಣು ಇಲ್ಲದ ಖಾಲಿ ಜಾಗ), ಮುರಿದ ಮೇಲ್ಮೈ ಹೀಗೆ ಡಿಫೆಕ್ಟ್‌ಗಳೇ ತುಂಬಿರುತ್ತವೆ, ಎಲೆಕ್ಟ್ರಾನ್, ಹೋಲ್ ಎರಡೂ ಅಲ್ಲೇ ಸಿಕ್ಕಿಬಿದ್ದು ಶಕ್ತಿ ಸುಮ್ನೆ ಶಾಖವಾಗಿ ಹೋಗುತ್ತದೆ. ಇನ್ನು ಗಾತ್ರದ ಮಾತು. ಜಿಂಕ್ ಆಕ್ಸೈಡ್‌ನ ಎಕ್ಸಿಟಾನ್ (ಜೋಡಿಯಾದ ಎಲೆಕ್ಟ್ರಾನ್-ಹೋಲ್) ತ್ರಿಜ್ಯ ಸುಮಾರು 2 ನ್ಯಾನೋಮೀಟರ್, ಕಣ ಅಷ್ಟು ಚಿಕ್ಕದಾದರೆ ಮಾತ್ರ ಕ್ವಾಂಟಂ ಪರಿಣಾಮ, 25ಕ್ಕೆಲ್ಲ ಕಾಣುವುದಿಲ್ಲ. ಆ 25 ಕೂಡ ಬರೀ ಶೆರರ್ ಸೂತ್ರದಿಂದ (ಎಕ್ಸ್‌ಆರ್‌ಡಿ ಪೀಕ್‌ನ ಅಗಲದಿಂದ ಗಾತ್ರ ಲೆಕ್ಕ ಹಾಕುವ ಸೂತ್ರ) ಬಂದಿದ್ದರೆ ನಂಬಬೇಡಿ. ಅರೆದ ಪುಡಿಯಲ್ಲಿ ಸ್ಟ್ರೇನ್‌ನಿಂದಲೂ (ಹರಳು ಎಳೆದು ಸೊಟ್ಟಗಾಗುವುದು) ಆ ಪೀಕ್ ಅಗಲವಾಗುತ್ತದೆ, ಗಾತ್ರ ಮತ್ತು ಸ್ಟ್ರೇನ್ ಬೇರೆ ಮಾಡಲು ವಿಲಿಯಮ್ಸನ್-ಹಾಲ್ ಪ್ಲಾಟ್ ಹಾಕಿ ನೋಡಿ.

ನನಗೆ ಜಾಸ್ತಿ ಅನುಮಾನ ಇರುವುದು ಆ ಬೂದು ಬಣ್ಣದ ಮೇಲೆ. ಸ್ಟೀಲ್ ಸವೆದು ಕಬ್ಬಿಣ ಸೇರಿರಬೇಕು, ಅದು ಬೆಳಕನ್ನು ನುಂಗುತ್ತದೆ. ಪುಡಿಯನ್ನು ನೀರಿನಲ್ಲಿ ಕಲಕಿ ಬೀಕರ್ ಪಕ್ಕಕ್ಕೆ ಆಯಸ್ಕಾಂತ ಹಿಡಿದರೆ ಕಪ್ಪು ಗೆರೆ ಕಟ್ಟಬಹುದು. ಕಟ್ಟಲಿಲ್ಲ ಅಂದ ಮಾತ್ರಕ್ಕೆ ಕಬ್ಬಿಣ ಇಲ್ಲ ಅಂತಲ್ಲ, ಆಕ್ಸೈಡ್ ಆಗಿ ಕೂತಿರಬಹುದು. ಸ್ವಲ್ಪ ಪುಡಿಯನ್ನು ಗಾಳಿಯಲ್ಲೇ 500-600 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ. ಬಿಳಿಗೆ ಮರಳಿ ಯುವಿ ಪೀಕ್ ಎದ್ದರೆ ತೊಂದರೆ ಡಿಫೆಕ್ಟ್‌ನದು. ಕಂದು ಬಣ್ಣ ಬಂದರೆ ಕಬ್ಬಿಣದ್ದು, ಅದಕ್ಕೆ ಜಿರ್ಕೋನಿಯಾ (ಗಟ್ಟಿ ಸೆರಾಮಿಕ್) ಜಾರ್, ಬಾಲ್ ಹಾಕಿ ಮತ್ತೆ ಮೊದಲಿಂದ ಮಾಡಬೇಕು. ಜಿರ್ಕೋನಿಯಾನೂ ಸವೆಯುತ್ತದೆ, ಆದರೆ ಅದು ಬಿಳಿ, ಬೆಳಕಿಗೆ ಅಷ್ಟು ಅಡ್ಡ ಬರುವುದಿಲ್ಲ.

ಪ್ರಶ್ನೆ: ಕಾಯಿಸಿದೆ ಮೇಡಂ, ಫರ್ನೇಸ್‌ನಿಂದ ತೆಗೆದಾಗ ಹಳದಿ ಇತ್ತು! ಹಾಳಾಯ್ತಾ?

ಉತ್ತರ: ಬಿಸಿ ಇದ್ದಾಗ ಜಿಂಕ್ ಆಕ್ಸೈಡ್ ಹಳದಿಯೇ. ಪೂರ್ತಿ ತಣ್ಣಗಾದ ಮೇಲೆ ಬಣ್ಣ ನೋಡಿ. ನಾನೂ ಮೊದಲ ಸಲ ಒಂದು ಕ್ರೂಸಿಬಲ್ ಪುಡಿ ಚೆಲ್ಲಿಬಿಟ್ಟಿದ್ದೆ.

ಪ್ರಶ್ನೆ: ಈಗ ಬಿಳಿ ಆಯ್ತು, ಯುವಿ ಪೀಕ್ ಸ್ವಲ್ಪ ಎದ್ದಿದೆ. 520ರ ಹತ್ತಿರ ಹಸಿರು ಬ್ಯಾಂಡ್ ಕೂಡ ಇದೆ. ಆಕ್ಸಿಜನ್ ವೇಕೆನ್ಸಿ ಅಂತ ಬರೆಯಲಾ?

ಉತ್ತರ: ಅಷ್ಟು ಧೈರ್ಯವಾಗಿ ಬರೆಯಬೇಡಿ. ಆ ಹಸಿರಿಗೆ ಆಕ್ಸಿಜನ್ ವೇಕೆನ್ಸಿ ಅಂತ ಕೆಲವರು, ಜಿಂಕ್ ವೇಕೆನ್ಸಿ ಅಂತ ಕೆಲವರು, ತಾಮ್ರದ ಕಲ್ಮಶ ಅಂತ ಇನ್ನು ಕೆಲವರು. ಬರೀ ಪಿಎಲ್ ಇಟ್ಟುಕೊಂಡು ಯಾವುದು ಅಂತ ಹೇಳಲಾಗುವುದಿಲ್ಲ. ‘ಡಿಫೆಕ್ಟ್ ಬ್ಯಾಂಡ್’ ಅಂತ ಬರೆದು, ಅರೆಯುವ ಮುಂಚೆ, ಅರೆದ ಮೇಲೆ, ಕಾಯಿಸಿದ ಮೇಲೆ ಯುವಿ-ಹಸಿರು ಅನುಪಾತ ಎಷ್ಟಿತ್ತು ಅಂತ ಕೊಡಿ.

ಇನ್ನೊಬ್ಬರ ಪ್ರಶ್ನೆ: ಕತ್ತಲಲ್ಲಿ ಹೊಳೆಯುವ ಜಿಂಕ್ ಸಲ್ಫೈಡ್ ಪುಡಿ ತರಿತರಿ ಇದೆ. ಪೇಂಟ್‌ಗೆ ಹಾಕುವ ಮುಂಚೆ ನುಣ್ಣಗೆ ಅರೆಯಬಹುದಾ?

ಉತ್ತರ: ಬೇಡ. ಒರಳಿನಲ್ಲಿ ಗಟ್ಟಿಯಾಗಿ ಅರೆದರೂ ಅದರ ಹೊಳಪು ಇಳಿಯುತ್ತದೆ. ಗಂಟನ್ನು ಮೆಲ್ಲಗೆ ಬಿಡಿಸಿ, ಜರಡಿ ಹಿಡಿದು, ಸಣ್ಣದನ್ನಷ್ಟೇ ಬಳಸಿ.