ಕಂಟ್ರೋಲರ್ ಇಲ್ಲದೆ ಆಕ್ಸೆಸ್ ಪಾಯಿಂಟ್ ನಡೆಸುವುದು: ಮಾಡಿ ನೋಡಿದವರು ತಿಳಿಸಿ

ಕಚೇರಿಯೊಂದರಲ್ಲಿ ತೆಗೆದುಹಾಕಿದ್ದ ಸಿಸ್ಕೋ 2602 ಆಕ್ಸೆಸ್ ಪಾಯಿಂಟ್‌ಗಳು (ವೈಫೈ ಹರಡುವ ಪೆಟ್ಟಿಗೆಗಳು) ಎರಡು ಸಿಕ್ಕಿವೆ. ಅವನ್ನು ಒಂದೆಡೆಯಿಂದ ನಿಯಂತ್ರಿಸುವ ಕಂಟ್ರೋಲರ್ ಇಲ್ಲ. ವಿದ್ಯುತ್ ಕೊಟ್ಟರೆ ದೀಪ ಬಣ್ಣ ಬದಲಿಸುತ್ತಲೇ ಇರುತ್ತದೆ, ವೈಫೈ ಬರುವುದಿಲ್ಲ. ಸ್ವತಂತ್ರವಾಗಿ ನಡೆಸುವುದು ಹೇಗೆ?

ಉತ್ತರ 1
ಖಂಡಿತ ಆಗುತ್ತದೆ. ನಿಮಗೆ ಬೇಕಾದದ್ದು ಹೆಸರಿನಲ್ಲಿ ಕೆ9ಡಬ್ಲ್ಯೂ7 ಎಂದಿರುವ ಫರ್ಮ್‌ವೇರ್ (ಪಾಯಿಂಟ್ ಒಳಗಿನ ತಂತ್ರಾಂಶ). ಕೆ9ಡಬ್ಲ್ಯೂ8 ಎಂದಿದ್ದರೆ ಅದು ಕಂಟ್ರೋಲರ್ ಹುಡುಕುವ ಆವೃತ್ತಿ. ಲ್ಯಾಪ್‌ಟಾಪ್‌ಗೆ 10.0.0.2 ವಿಳಾಸ ಕೊಟ್ಟು ಟಿಎಫ್‌ಟಿಪಿ ಸರ್ವರ್ (ಪಾಯಿಂಟ್‌ಗೆ ಕಡತ ಕಳಿಸುವ ತಂತ್ರಾಂಶ) ಶುರು ಮಾಡಿ. ಫರ್ಮ್‌ವೇರ್ ಕಡತಕ್ಕೆ ‘ಎಪಿ3ಜಿ2-ಕೆ9ಡಬ್ಲ್ಯೂ7-ಟಾರ್.ಡಿಫಾಲ್ಟ್’ (ap3g2-k9w7-tar.default) ಎಂದು ಹೆಸರಿಡಿ. ಪಾಯಿಂಟ್ ಮೇಲಿನ ಮೋಡ್ ಗುಂಡಿ ಒತ್ತಿ ಹಿಡಿದೇ ವಿದ್ಯುತ್ ಕೊಡಿ. 20–30 ಸೆಕೆಂಡಿನಲ್ಲಿ ದೀಪ ಕೆಂಪಾದಾಗ ಬಿಡಿ. ಆಮೇಲೆ ಎಷ್ಟೇ ಹೊತ್ತಾದರೂ ವಿದ್ಯುತ್ ಮಾತ್ರ ತೆಗೆಯಬೇಡಿ.

ಉತ್ತರ 2
ಇದನ್ನೇ ಮಾಡಿ ನಾನು ಒಂದು ಸಂಜೆ ಪೂರ್ತಿ ಕಳೆದುಕೊಂಡೆ. ದೀಪ ಕೆಂಪಾಗುತ್ತಿತ್ತು, ಮುಂದೇನೂ ಇಲ್ಲ. ಕೊನೆಗೆ ಪಾಯಿಂಟ್ ಬರೆಯುವ ಸಂದೇಶಗಳನ್ನು ಲ್ಯಾಪ್‌ಟಾಪ್‌ನಲ್ಲಿ ತೋರಿಸುವ ಕನ್ಸೋಲ್ ಕೇಬಲ್ ಹಾಕಿ 9600 ವೇಗದಲ್ಲಿ ನೋಡಿದರೆ, ಪಾಯಿಂಟ್ ತಾನಾಗಿಯೇ 10.0.0.1 ವಿಳಾಸ ತೆಗೆದುಕೊಂಡು, 255.255.255.255ಕ್ಕೆ (ಅಂದರೆ ಜಾಲದಲ್ಲಿರುವ ಎಲ್ಲರಿಗೂ) ಅದೇ ಹೆಸರಿನ ಕಡತ ಬೇಕೆಂದು ಕೂಗುತ್ತಿತ್ತು. ನನ್ನ ಕಡತದ ಕೊನೆಯಲ್ಲಿ ವಿಂಡೋಸ್ ಬಚ್ಚಿಟ್ಟಿದ್ದ ‘.ಟಾರ್’ ಹಾಗೇ ಉಳಿದಿತ್ತು! ಅದನ್ನು ಅಳಿಸಿ, ಫೈರ್‌ವಾಲ್ ಬಂದ್ ಮಾಡಿದ ಮೇಲೆ ಫರ್ಮ್‌ವೇರ್ ಒಂದೇ ಸಲಕ್ಕೆ ಇಳಿಯಿತು. ದಯವಿಟ್ಟು ಕನ್ಸೋಲ್ ಇಲ್ಲದೆ ಶುರು ಮಾಡಬೇಡಿ. ದೀಪ ಕಾರಣ ಹೇಳುವುದಿಲ್ಲ.

ಉತ್ತರ 3
ಪಾಯಿಂಟ್ ಎದ್ದ ಮೇಲೆ ಬಳಕೆದಾರ ಹೆಸರೂ ಪಾಸ್‌ವರ್ಡೂ ‘ಸಿಸ್ಕೋ’ (Cisco), ಮೊದಲ ಅಕ್ಷರ ದೊಡ್ಡದು. ಕೂಡಲೇ ಬದಲಿಸಿ. ವೈಫೈ ಕಾಣದಿದ್ದರೆ ಹೆದರಬೇಡಿ, ವೈಫೈ ಹರಡುವ ಎರಡು ರೇಡಿಯೋಗಳು ಮೊದಲಿಗೆ ಬಂದ್ ಆಗಿಯೇ ಇರುತ್ತವೆ. ಎರಡಕ್ಕೂ ‘ನೋ ಶಟ್‌ಡೌನ್’ (no shutdown) ಆದೇಶ ಕೊಡಿ. ಜಾಲದ ಹೆಸರಿಗೆ ‘ಗೆಸ್ಟ್-ಮೋಡ್’ (guest-mode) ಆದೇಶ ಸೇರಿಸದಿದ್ದರೆ ಮೊಬೈಲ್ ಪಟ್ಟಿಯಲ್ಲಿ ಅದು ಬರುವುದೇ ಇಲ್ಲ. ಫರ್ಮ್‌ವೇರನ್ನು ಸಿಕ್ಕಸಿಕ್ಕ ಜಾಲತಾಣದಿಂದ ಇಳಿಸಬೇಡಿ. ಮನೆಯ ಸಂಪರ್ಕವೆಲ್ಲ ಅದರ ಮೂಲಕವೇ ಹಾಯುತ್ತದೆ. ಸಿಸ್ಕೋ ಪ್ರಕಟಿಸಿರುವ ಎಂಡಿ5 ಮೊತ್ತಕ್ಕೆ (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತಿಗೆ) ಹೋಲಿಸಿಯೇ ಹಾಕಿ. ಇನ್ನೊಂದು ಮಾತು: 2800, 3800 ಮಾದರಿಗಳಿಗೆ ಈ ದಾರಿ ಇಲ್ಲ, ಅವಕ್ಕೆ ಕಂಟ್ರೋಲರ್ ಕೆಲಸವನ್ನು ಪಾಯಿಂಟೇ ಮಾಡುವ ಮೊಬಿಲಿಟಿ ಎಕ್ಸ್‌ಪ್ರೆಸ್ ಹಾಕಬೇಕು.

ಕೇಳಿದವರಿಂದ
ಒಂದು ಎದ್ದಿದೆ! ಲ್ಯಾಪ್‌ಟಾಪ್‌ಗೆ ನಾನು 10.0.0.1 ಕೊಟ್ಟಿದ್ದೆ, ಲ್ಯಾಪ್‌ಟಾಪೂ ಪಾಯಿಂಟೂ ಒಂದೇ ವಿಳಾಸಕ್ಕೆ ಗುದ್ದಾಡುತ್ತಿದ್ದವು. ಕನ್ಸೋಲ್ ನೋಡಿದ್ದರಿಂದಲೇ ತಿಳಿಯಿತು. ಎರಡನೆಯದನ್ನು ಇಂದು ರಾತ್ರಿ ಹಿಡಿಯುತ್ತೇನೆ.