ಕೆಮ್ಮಿದರೆ ಮೂತ್ರ ಹೋಗುತ್ತದೆ, ಆಪರೇಷನ್ನೇ ಬೇಕಾ?

ಪ್ರಶ್ನೆ (ಮೂಡಿಗೆರೆ ಕಡೆಯಿಂದ): ನಮಸ್ತೆ ಡಾಕ್ಟ್ರೇ. ನನಗೆ 46 ವರ್ಷ, ಕಾಫಿ ತೋಟದಲ್ಲಿ ಕೆಲಸ. ಎರಡೂ ನಾರ್ಮಲ್ ಹೆರಿಗೆ. ಕೆಮ್ಮಿದರೆ, ಹಣ್ಣಿನ ಚೀಲ ಎತ್ತಿದರೆ ಸ್ವಲ್ಪ ಮೂತ್ರ ಹೋಗಿಬಿಡುತ್ತದೆ. ಕುಯ್ಲಿನ ದಿನ ಹೆದರಿ ನೀರೇ ಕುಡಿಯೋದಿಲ್ಲ. ಅಮ್ಮನಿಗೂ ಹೀಗೇ ಇತ್ತು. ಆಪರೇಷನ್ ಬೇಕಾ?

ಉತ್ತರ (ಸ್ತ್ರೀರೋಗ ವೈದ್ಯೆ, ಹಾಸನ): ಕೇಳಿದ್ದು ಒಳ್ಳೆಯದಾಯಿತು ಅಕ್ಕ. ಇದನ್ನು ಸುಮ್ನೆ ಸಹಿಸಿಕೊಂಡಿರಬೇಕಾಗಿಲ್ಲ. ಮೂತ್ರಚೀಲ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳು ಜೋಲಿಯ ಹಾಗಿರುತ್ತವೆ. ಹೆರಿಗೆಯಲ್ಲಿ ಅವು ಹಿಗ್ಗಿ ಸಡಿಲವಾಗುತ್ತವೆ. ಭಾರ ಎತ್ತಿದಾಗ ಒತ್ತಡ ಕೆಳಗೆ ಬೀಳುತ್ತದೆ, ಮೂತ್ರ ಜಾರುತ್ತದೆ.

ಮೊದಲ ಮದ್ದು ವ್ಯಾಯಾಮ. ಗಾಳಿ ಹೋಗದ ಹಾಗೆ ತಡೀತೀವಲ್ಲ, ಹಾಗೆ ಬಿಗಿ ಮಾಡಿ ಮೇಲಕ್ಕೆ ಎಳೆದುಕೊಳ್ಳಿ. ಉಸಿರು ಕಟ್ಟಬೇಡಿ, ತೊಡೆ ಬಿಗಿಯಾಗಬಾರದು. ಆದಷ್ಟು ಸೆಕೆಂಡು ಹಿಡಿದು ಪೂರ್ತಿ ಸಡಿಲ ಬಿಡಿ. ಒಂದು ಸಲಕ್ಕೆ 8, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಹದಿನೈದು ದಿನ ಮಾಡಿ ಬಿಟ್ಟರೆ ಗುಣ ಕಾಣೋದಿಲ್ಲ. ಚೀಲ ಎತ್ತುವ ಮೊದಲೂ, ಕೆಮ್ಮು ಬಂದಾಗಲೂ ಹೀಗೇ ಬಿಗಿ ಮಾಡಿ. ಆದರೆ ಮೂತ್ರ ಮಾಡುತ್ತಾ ನಡುವೆ ತಡೆಯುವ ಅಭ್ಯಾಸ ಬೇಡ.

ನೀರು ಬಿಡಬೇಡಿ. ಮೂತ್ರ ಗಟ್ಟಿಯಾದರೆ ಉರಿ ಜಾಸ್ತಿ, ಮಲಬದ್ಧತೆಯೂ ಬರುತ್ತದೆ. ಮಲಕ್ಕೆ ಹೋದಾಗ ತಿಣುಕಿದಷ್ಟೂ ಆ ಸ್ನಾಯುಗಳೇ ಸೋಲುತ್ತವೆ. ಮೂತ್ರ, ಶುಗರ್ ಪರೀಕ್ಷೆ ಒಮ್ಮೆ ಮಾಡಿಸಿ. ಆಪರೇಷನ್ ಮಾತು ವ್ಯಾಯಾಮದಿಂದ ಆಗದಿದ್ದರೆ ಮಾತ್ರ.

ಪ್ರಶ್ನೆ (ಅರಸೀಕೆರೆಯಿಂದ): ನನಗೆ ಕೆಮ್ಮಿದರೆ ಏನೂ ಆಗಲ್ಲ ಮೇಡಂ. ಮನೆ ಬೀಗ ತೆಗೆಯುವಷ್ಟರಲ್ಲೇ ಹೋಗಿಬಿಡುತ್ತದೆ. ದಿನಕ್ಕೆ ಆರು ಲೋಟ ಕಾಫಿ ಕುಡಿಯುತ್ತೇನೆ.

ಉತ್ತರ: ನಿಮ್ಮದು ಬೇರೆ ಥರ ಇದ್ದ ಹಾಗಿದೆ. ಮೂತ್ರಚೀಲ ತುಂಬುವ ಮೊದಲೇ ಹಿಂಡಿಕೊಳ್ಳುತ್ತದೆ. ಕಾಫಿ ನಾಡಿನವರಿಗೆ ಹೇಳೋದು ಕಷ್ಟ, ಆದರೂ ಎರಡು ಲೋಟಕ್ಕೆ ಇಳಿಸಿ ನೋಡಿ. ಅವಸರವಾದಾಗ ಓಡಬೇಡಿ. ನಿಂತು, ಮೇಲೆ ಹೇಳಿದ ಹಾಗೆ ಬಿಗಿ ಮಾಡಿ, ಅವಸರ ತಗ್ಗಿದ ಮೇಲೆ ಹೋಗಿ. ಗಂಟೆಗೊಮ್ಮೆ ಹೋಗುತ್ತಿದ್ದರೆ ಹತ್ತು ಹದಿನೈದು ನಿಮಿಷ ಮುಂದೂಡುತ್ತಾ ಬನ್ನಿ. ಕನಿಷ್ಠ 6 ವಾರ ಬೇಕು. ಆಗದಿದ್ದರೆ ಮಾತ್ರೆಗಳಿವೆ. ಮೂತ್ರದಲ್ಲಿ ರಕ್ತ, ಉರಿ, ಕೆಳಗೆ ಏನೋ ಜಾರಿದ ಹಾಗೆ, ಇಡೀ ದಿನ ಸೋರೋದು ಇದ್ದರೆ ಕಾಯಬೇಡಿ, ಬೇಗ ತೋರಿಸಿ.

ಮೂಡಿಗೆರೆಯವರು: ನಮ್ಮಲ್ಲಿ ಗಂಡಸು ಡಾಕ್ಟರ್. ಬಾಯಿ ಬಿಡೋಕೆ ಆಗಲ್ಲ.

ಉತ್ತರ: ಬಾಯಿ ಬಿಡೋದೇ ಬೇಡ ಅಕ್ಕ. ಮೂರು ದಿನ ಒಂದು ಚೀಟಿಯಲ್ಲಿ ಬರೆಯಿರಿ: ಎಷ್ಟು ನೀರು ಕುಡಿದಿರಿ, ಎಷ್ಟು ಸಲ ಹೋದಿರಿ, ಏನು ಮಾಡುವಾಗ ಸೋರಿತು. ಆ ಚೀಟಿಯನ್ನು ಅವರ ಕೈಗೆ ಕೊಡಿ.