ಗಂಡು ಬೆಕ್ಕಿಗೆ ಮತ್ತೆ ಮತ್ತೆ ಮೂತ್ರದ ತೊಂದರೆ, ಯಾವ ಫುಡ್ ಕೊಡಲಿ?

ಕರಿಯನಮ್ಮ (ಶಿವಮೊಗ್ಗ):
ನಮ್ಮ ಕರಿಯನಿಗೆ 4 ವರ್ಷ, ತೂಕ 5 ಕೆಜಿ, ಮಕ್ಕಳಾಗದ ಆಪರೇಷನ್ ಆಗಿದೆ. ಮೂತ್ರಕ್ಕೆ ಇಟ್ಟ ಮರಳಿನ ಟ್ರೇಗೆ ಹೋಗುತ್ತಾನೆ, ಕೂರುತ್ತಾನೆ, ಎರಡು ಹನಿ ಬರುತ್ತದೆ, ಅದೂ ಗುಲಾಬಿ ಬಣ್ಣ. ಐದು ನಿಮಿಷಕ್ಕೆ ಮತ್ತೆ ಹೋಗುತ್ತಾನೆ. ಈ ವರ್ಷ ಹೀಗಾಗಿದ್ದು ಇದು ಮೂರನೇ ಸಲ. ಹಿಂದಿನ ಎರಡು ಸಲವೂ ಡಾಕ್ಟರು ಇನ್ಫೆಕ್ಷನ್ ಅಂತ ಇಂಜೆಕ್ಷನ್ ಕೊಟ್ಟರು. ಊಟ ಅಂದರೆ ಡ್ರೈ ಫುಡ್, ಬೆಳಿಗ್ಗೆ ಹಾಲು, ಒಮ್ಮೊಮ್ಮೆ ಬೇಯಿಸಿದ ಬಂಗುಡೆ. ಯಾವ ಕಂಪನಿಯ ಫುಡ್ ಒಳ್ಳೆಯದು?

ಮೂರುಬೆಕ್ಕು (ಬೆಂಗಳೂರು):
ಫುಡ್ ಮಾತು ಆಮೇಲೆ. ಈಗ ಮೂತ್ರ ಬರುತ್ತಿದೆಯಾ? ಹಿಂಗಾಲಿನ ಮುಂದೆ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿ, ಒತ್ತಬೇಡಿ. ಮೂಸಂಬಿಯ ಹಾಗೆ ಗಟ್ಟಿ ಉಂಡೆ (ಅದು ತುಂಬಿದ ಮೂತ್ರಕೋಶ) ಸಿಕ್ಕರೆ, ಅಥವಾ ಹನಿಯೂ ಬರದಿದ್ದರೆ, ರಾತ್ರಿಯಾದರೂ ಸರಿ, ಹೊರಡಿ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಣ್ಣ. ಪೂರ್ತಿ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಒಂದೆರಡು ದಿನವೂ ಸಮಯ ಇರುವುದಿಲ್ಲ. ನೋವಿಗೆ ಅಂತ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ.

ನಮ್ಮ ಚಿನ್ನು ಹೀಗೆ ತಿಣುಕುತ್ತಿದ್ದಾಗ ಮಲಬದ್ಧತೆ ಅಂದುಕೊಂಡು ನಾನು ಒಂದು ರಾತ್ರಿ ಕಾದೆ. ಬೆಳಿಗ್ಗೆ ಹೊತ್ತಿಗೆ ಅವನು ತಲೆ ಎತ್ತಲಿಲ್ಲ. ಅದಕ್ಕೇ ಇಷ್ಟು ಕೇಳುತ್ತಿರುವುದು.

ಕರಿಯನಮ್ಮ:
ಓದಿ ಕೈ ನಡುಗಿತು. ಹೊಟ್ಟೆ ಮೆತ್ತಗಿದೆ, ಸ್ವಲ್ಪ ಸ್ವಲ್ಪ ಬರುತ್ತಿದೆ. ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಡಾಕ್ಟರ ಹತ್ತಿರ ಇರುತ್ತೇನೆ. ಆದರೆ ಮತ್ತೆ ಅದೇ ಇಂಜೆಕ್ಷನ್ ಕೊಟ್ಟರೆ? ಅವರು ಜಾಸ್ತಿ ಹಸು, ಎಮ್ಮೆ ನೋಡುವವರು.

ಮೂರುಬೆಕ್ಕು:
ಜಗಳ ಮಾಡಬೇಡಿ, ಸುಮ್ನೆ ತಲೆ ಆಡಿಸಿಯೂ ಬರಬೇಡಿ. ರಾತ್ರಿ ಎರಡೆರಡು ಗಂಟೆಗೊಮ್ಮೆ ಎದ್ದು ನೋಡಿ. ಟ್ರೇಯಲ್ಲಿ ಅವನು ಕೂರುವುದನ್ನು ವಿಡಿಯೊ ಮಾಡಿ. ಕ್ಲಿನಿಕ್ಕಿನ ಟೇಬಲ್ ಮೇಲೆ ಬೆಕ್ಕು ಮುದುಡಿ ಕೂರುತ್ತದೆ, ಮನೆಯಲ್ಲಿ ಏನಾಯಿತು ಅಂತ ಡಾಕ್ಟರಿಗೆ ಗೊತ್ತಾಗುವುದು ಹೇಗೆ? ಹಿಂದಿನ ಎರಡು ತಾರೀಕು, ಕೊಟ್ಟ ಔಷಧಿಯ ಹೆಸರು ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ನೇರವಾಗಿ ಕೇಳಿ: "ಸರ್, ಮೂತ್ರವನ್ನು ಮೈಕ್ರೋಸ್ಕೋಪಿನಲ್ಲಿ ನೋಡಬಹುದಾ? ಹರಳು ಇದೆಯಾ, ಯಾವ ಹರಳು? ಕಲ್ಲಿದೆಯಾ ಅಂತ ಎಕ್ಸ್‌ರೇ ಬೇಕಾ?" ಈ ವಯಸ್ಸಿನ ಬೆಕ್ಕಿಗೆ ಬ್ಯಾಕ್ಟೀರಿಯಾ ಸೋಂಕು ಅಪರೂಪ. ಮೂತ್ರ ಬಿಸಿಯಾಗಿರುವಾಗಲೇ ನೋಡಬೇಕು. ಫ್ರಿಜ್‌ನಲ್ಲಿಟ್ಟರೆ ಇಲ್ಲದ ಹರಳೂ ಹುಟ್ಟುತ್ತದೆ. ಅಲ್ಲಿ ಆಗದಿದ್ದರೆ ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿಗೆ ಚೀಟಿ ಕೇಳಿ.

ಇನ್ನು ಊಟ. ಕಂಪನಿಗಿಂತ ನೀರು ಮುಖ್ಯ. 5 ಕೆಜಿ ಬೆಕ್ಕಿಗೆ ದಿನಕ್ಕೆ ಹೆಚ್ಚುಕಡಿಮೆ 250 ಮಿಲಿ ನೀರು ಬೇಕು. 60 ಗ್ರಾಂ ಡ್ರೈ ಫುಡ್‌ನಲ್ಲಿ ಆರು ಮಿಲಿ ಇದ್ದರೆ ಹೆಚ್ಚು. 85 ಗ್ರಾಂನ ಒಂದು ವೆಟ್ ಫುಡ್ ಪೌಚ್‌ನಲ್ಲಿ 65 ಮಿಲಿಗೂ ಮೇಲೆ. ಬೆಕ್ಕು ಹುಟ್ಟಾ ಕಡಿಮೆ ನೀರು ಕುಡಿಯುವ ಪ್ರಾಣಿ, ಇಲಿ ಹಿಡಿದು ಅದರ ಮೈಯ ನೀರಲ್ಲೇ ಬದುಕಿದ್ದು. ಬಟ್ಟಲು ತುಂಬಿಟ್ಟರೂ ಕೊರತೆ ತುಂಬಿಕೊಳ್ಳುವುದಿಲ್ಲ. ಹಾಲು ನಿಲ್ಲಿಸಿ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ.

ತುಳಸಿಕಟ್ಟೆ:
ನಡುವೆ ಒಂದು ಪ್ರಶ್ನೆ. ನಮ್ಮದು ಸಸ್ಯಾಹಾರಿ ಮನೆ. ಬೆಕ್ಕಿಗೆ ಮೊಸರನ್ನ ಮಾತ್ರ ಹಾಕಿದರೆ ಸಾಕಾಗುತ್ತದಾ?

ಮೂರುಬೆಕ್ಕು:
ಸಾಲದು. ಬೆಕ್ಕಿಗೆ ಟಾರಿನ್ ಅನ್ನುವ ಪೋಷಕಾಂಶ ಬೇಕೇ ಬೇಕು, ಅದು ಮಾಂಸ, ಮೀನಿನಲ್ಲಿ ಸಿಗುತ್ತದೆ. ಟಾರಿನ್ ಕಡಿಮೆಯಾದರೆ ಹೃದಯ ಊದಿಕೊಳ್ಳುತ್ತದೆ ಅಂತ ಅಮೆರಿಕದ ಸಂಶೋಧಕರು 1987ರಲ್ಲೇ ತೋರಿಸಿದರು. ಕಣ್ಣೂ ಹೋಗುತ್ತದೆ. ಮನೆಯಲ್ಲಿ ಮಾಂಸ ಬೇಯಿಸುವುದು ಬೇಡವಾದರೆ, ಬೆಕ್ಕಿನದೇ ಪೌಚ್ ತಂದು ಜಗಲಿಯಲ್ಲಿ ಹಾಕಿ. ನಾಯಿಯ ಫುಡ್ ಆಗುವುದಿಲ್ಲ.

ಕರಿಯನಮ್ಮ (ಹನ್ನೆರಡು ದಿನದ ನಂತರ):
ವಿಡಿಯೊ ತೋರಿಸಿದೆ. ಡಾಕ್ಟರು ಎರಡು ಸಲ ನೋಡಿ, "ಇದನ್ನು ಮೊದಲೇ ತೋರಿಸಬೇಕಿತ್ತು ಅಮ್ಮ" ಅಂದರು. ಅಲ್ಲೇ ಮೂತ್ರ ತೆಗೆದು ಗಾಜಿನ ಮೇಲಿಟ್ಟು ನನ್ನನ್ನೂ ಕರೆದರು. ಶವಪೆಟ್ಟಿಗೆಯ ಮುಚ್ಚಳದಂಥ ಪುಟ್ಟ ಪುಟ್ಟ ಹರಳುಗಳು, ಹೊಳೆಯುತ್ತಿದ್ದವು. ಸ್ಟ್ರುವೈಟ್ ಅನ್ನುವ ಜಾತಿಯ ಹರಳಂತೆ, ಊಟದಿಂದಲೇ ಕರಗಿಸಬಹುದಂತೆ. ಆಕ್ಸಲೇಟ್ ಅನ್ನುವ ಇನ್ನೊಂದು ಜಾತಿಯ ಹರಳಾಗಿದ್ದರೆ ಕರಗುತ್ತಿರಲಿಲ್ಲ ಅಂದರು. ಎಕ್ಸ್‌ರೇಯಲ್ಲಿ ಕಲ್ಲು ಕಾಣಲಿಲ್ಲ. ನೋವಿಗೆ ಔಷಧಿ ಕೊಟ್ಟರು, ಮೂತ್ರದ ತೊಂದರೆಗೇ ಮಾಡಿದ ವೆಟ್ ಫುಡ್ ಬರೆದುಕೊಟ್ಟರು.

ಕರಿಯ ಮೊದಲ ದಿನ ಮೂಸಿ ನೋಡಿ ತಿರುಗಿ ಹೋದ. ಹಸಿವಾದರೆ ತಿನ್ನುತ್ತಾನೆ, ಬಿಡು ಅಂದರು ಮನೆಯಲ್ಲಿ.

ಮೂರುಬೆಕ್ಕು:
ಬಿಡಬೇಡಿ! ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರ್‌ಗೆ ಕೊಬ್ಬು ತುಂಬಿಕೊಳ್ಳುತ್ತದೆ. ಹಳೆಯದಕ್ಕೆ ಹೊಸದನ್ನು ಒಂದೊಂದು ಚಮಚ ಸೇರಿಸುತ್ತಾ 7ರಿಂದ 10 ದಿನ ತೆಗೆದುಕೊಳ್ಳಿ. ಪೌಚ್ ಅನ್ನು ಬಿಸಿನೀರಲ್ಲಿ ಎರಡು ನಿಮಿಷ ಇಟ್ಟರೆ ವಾಸನೆ ಏಳುತ್ತದೆ.

ಕರಿಯನಮ್ಮ:
ಹಾಗೇ ಮಾಡಿದೆ, ಹತ್ತು ದಿನ ಹಿಡಿಯಿತು. ಈಗ ಬಟ್ಟಲು ನೆಕ್ಕುತ್ತಾನೆ. ಪ್ರತಿ ಊಟಕ್ಕೂ ಎರಡು ಚಮಚ ನೀರು ಕಲಸುತ್ತೇನೆ. ಟ್ರೇಯಲ್ಲಿ ಮೊದಲು ಗೋಲಿಯಷ್ಟು ಮರಳುಂಡೆ ಹತ್ತು ಹನ್ನೆರಡು ಸಿಗುತ್ತಿದ್ದವು. ಇವತ್ತು ರವೆ ಉಂಡೆಯಷ್ಟು ದೊಡ್ಡವು ಮೂರು. ಮುಂದಿನ ಸೋಮವಾರ ಮತ್ತೆ ಮೂತ್ರ ಟೆಸ್ಟ್ ಇದೆ, ಬಂದು ಬರೆಯುತ್ತೇನೆ.